ಕೂಸು ಉಚ್ಚೆ ಹೊಯ್ಯುತ್ತಿದೆ, ಆದರೂ ಹುಬ್ಬಳ್ಳಿಗೆ ಹೋಗಬೇಕೇ?

ಪ್ರಶ್ನೆ: ನಮ್ಮದು ಹಾನಗಲ್ ತಾಲ್ಲೂಕಿನ ಹಳ್ಳಿ. ಹೆಂಡತಿಗೆ ಎಂಟನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಕೂಸಿನ ಎರಡೂ ಕಿಡ್ನಿಯಲ್ಲಿ ನೀರು ತುಂಬಿದೆ, ಬಲಕ್ಕೆ 13 ಮಿ.ಮೀ., ಎಡಕ್ಕೆ 16 ಮಿ.ಮೀ., ಮೂತ್ರಚೀಲದ ಗೋಡೆಯೂ ದಪ್ಪ ಇದೆ ಎಂದು ಬಂದಿತ್ತು. ಹೆರಿಗೆಯಾಗಿ ಒಂಬತ್ತು ದಿನ. ಗಂಡು ಕೂಸು, 2.8 ಕೆ.ಜಿ. ಮೊಲೆ ಕುಡಿಯುತ್ತದೆ, ಉಚ್ಚೆಯನ್ನೂ ಹೊಯ್ಯುತ್ತದೆ, ಆದರೆ ಹನಿಹನಿ. ಹಾವೇರಿಯ ಡಾಕ್ಟರು ತಡ ಮಾಡದೆ ಹುಬ್ಬಳ್ಳಿಗೆ ಹೋಗಿ ಎಂಸಿಯು (ಉಚ್ಚೆ ಹೊಯ್ಯುವಾಗ ಮೂತ್ರದ ಹಾದಿಯ ಎಕ್ಸ್‌ರೇ) ಪರೀಕ್ಷೆ ಮಾಡಿಸಿ ಅಂದರು. ಮನೆಯ ಹಿರಿಯರು, ತೊಟ್ಟಿಲು ಕಾರ್ಯ ಮುಗಿಯಲಿ, ಗದಗಿನ ನಾದಿನಿಯ ಮಗಳಿಗೂ ಹೀಗೇ ಇತ್ತು, ತಾನಾಗಿಯೇ ಹೋಯಿತು ಅನ್ನುತ್ತಾರೆ. ಕಾಯಬಹುದೇ? ಆಪರೇಷನ್ ಮಾಡಿಸಿದರೆ ಪೂರ್ತಿ ಗುಣವಾಗುತ್ತದೆಯೇ? ಮುಂದಿನ ಮಗುವಿಗೂ ಬರುತ್ತದೆಯೇ?

ಉತ್ತರ: ಕಾಯಬೇಡಿ. ಇದನ್ನು ಓದಿದ ದಿನವೇ ಹೊರಡಿ. ತೊಟ್ಟಿಲು ಕಾರ್ಯವನ್ನು ಆಸ್ಪತ್ರೆಯಿಂದ ಬಂದ ಮೇಲೆ ಮಾಡಿದರೂ ನಡೆಯುತ್ತದೆ. ಗಂಡು ಕೂಸು, ಎರಡೂ ಕಿಡ್ನಿಯಲ್ಲಿ ಬಾವು, ಮೂತ್ರಚೀಲದ ಗೋಡೆ ದಪ್ಪ, ಉಚ್ಚೆ ಹನಿಹನಿ. ನೀವು ಬರೆದ ಈ ನಾಲ್ಕೂ ಒಂದೇ ಕೂಸಿನಲ್ಲಿ ಸೇರಿದರೆ, ಅಲ್ಲ ಎಂದು ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಅದನ್ನು ಪೋಸ್ಟೀರಿಯರ್ ಯುರೆಥ್ರಲ್ ವಾಲ್ವ್ ಎಂದೇ ಹಿಡಿದು ನಡೆಯಬೇಕು. ಹಾವೇರಿಯ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ.

ಮೂತ್ರಚೀಲದಿಂದ ಹೊರಕ್ಕೆ ಬರುವ ನಾಳಕ್ಕೆ ಯುರೆಥ್ರಾ ಎನ್ನುತ್ತಾರೆ. ಗಂಡುಮಕ್ಕಳಲ್ಲಿ ಈ ನಾಳದ ಒಳಭಾಗದಲ್ಲಿ, ಮೂತ್ರಚೀಲದ ಬಾಯಿಗಿಂತ ತುಸು ಕೆಳಗೆ, ಕೆಲವೊಮ್ಮೆ ತೆಳ್ಳನೆಯ ಪೊರೆಯ ಮಡಿಕೆ ಬೆಳೆದುಬಿಡುತ್ತದೆ. ವಾಲ್ವ್ ಎನ್ನುವುದು ಇದಕ್ಕೇ. ಸುಮಾರು 5,000ದಿಂದ 8,000 ಗಂಡು ಕೂಸುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ, ಹೆಣ್ಣಿಗೆ ಆಗುವುದಿಲ್ಲ. ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ಅಮೆರಿಕದ ಶಸ್ತ್ರವೈದ್ಯರು 1919ರಲ್ಲಿ ಇದರ ವಿಧಗಳನ್ನು ಬೇರ್ಪಡಿಸಿ ಬರೆದರು, ಇಂದಿಗೂ ಅದೇ ವಿಂಗಡಣೆ ಬಳಕೆಯಲ್ಲಿದೆ. ಪೊರೆ ಕಾಗದಕ್ಕಿಂತ ದಪ್ಪ ಇರುವುದಿಲ್ಲ, ಆದರೆ ಅದು ಮಾಡುವ ಹಾನಿ ಗರ್ಭದಲ್ಲೇ ಶುರುವಾಗುತ್ತದೆ. ಭ್ರೂಣದ ಕಿಡ್ನಿ ಸುಮಾರು ಹತ್ತನೇ ವಾರಕ್ಕೆ ಮೂತ್ರ ಮಾಡತೊಡಗುತ್ತದೆ. ಹದಿನಾರನೇ ವಾರದ ನಂತರ ಗರ್ಭಜಲದ ಬಹುಪಾಲು ಕೂಸಿನ ಮೂತ್ರವೇ. ಕಾಲುವೆಯ ತೂಬಿಗೆ ಕಸ ಕಟ್ಟಿದರೆ ಹಿಂದಿನ ಹೊಲಕ್ಕೆಲ್ಲ ನೀರು ನುಗ್ಗುವಂತೆ, ಇಲ್ಲಿ ಪೊರೆಯ ಹಿಂದೆ ಒತ್ತಡ ಏರುತ್ತದೆ. ಮೂತ್ರಚೀಲ ಜೋರು ಹಾಕಿ ಹಾಕಿ ದಪ್ಪವಾಗುತ್ತದೆ, ಕಿಡ್ನಿಯಿಂದ ಇಳಿಯುವ ಎರಡು ನಾಳಗಳು ಹಿಗ್ಗುತ್ತವೆ, ಇನ್ನೂ ರೂಪುಗೊಳ್ಳುತ್ತಿರುವ ಕಿಡ್ನಿ ಆ ಒತ್ತಡದಲ್ಲೇ ಬೆಳೆಯಬೇಕಾಗುತ್ತದೆ. ಗರ್ಭಜಲ ತೀರಾ ಕಡಿಮೆಯಾದರೆ ಶ್ವಾಸಕೋಶವೂ ಸರಿಯಾಗಿ ಬೆಳೆಯುವುದಿಲ್ಲ. ನಿಮ್ಮ ಕೂಸು ಒಂಬತ್ತು ದಿನ ಉಸಿರಾಟದ ತೊಂದರೆಯಿಲ್ಲದೆ ಮೊಲೆ ಕುಡಿದಿದೆ ಎಂದರೆ ಆ ದೊಡ್ಡ ಗಂಡಾಂತರ ಮುಗಿದಂತೆ.

ಇನ್ನು ‘ಉಚ್ಚೆ ಬರ್ತದಲ್ಲ’ ಎಂಬ ಹಿರಿಯರ ಸಮಾಧಾನ. ಎಷ್ಟೋ ಕೂಸುಗಳು ತಡವಾಗಿ ಆಸ್ಪತ್ರೆಗೆ ಬರುವುದು ಇದೇ ಮಾತಿನಿಂದ. ಈ ಪೊರೆ ನಾಳವನ್ನು ಪೂರ್ತಿ ಮುಚ್ಚುವುದು ಅಪರೂಪ. ಮೂತ್ರಚೀಲ ತುಂಬಿ ತುಳುಕಿದ್ದು ಹನಿಹನಿಯಾಗಿ ಹೊರಬೀಳುತ್ತಲೇ ಇರುತ್ತದೆ. ಅದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ: ಒತ್ತಡಕ್ಕೆ ಸಿಕ್ಕ ಕಿಡ್ನಿ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿಯನ್ನು ಮೊದಲು ಕಳೆದುಕೊಳ್ಳುತ್ತದೆ. ಹಾಗಾಗಿ ಕಿಡ್ನಿ ಕೆಟ್ಟಷ್ಟೂ ನೀರಿನಂಥ ಮೂತ್ರ ಹೆಚ್ಚು ಬರಬಹುದು. ಲಂಗೋಟಿ ಎಷ್ಟು ತೊಯ್ದಿದೆ ಎಂಬುದರಿಂದ ಕಿಡ್ನಿಯ ಆರೋಗ್ಯ ಗೊತ್ತಾಗುವುದಿಲ್ಲ. ಧಾರೆ ಚೆನ್ನಾಗಿದ್ದರೂ ವಾಲ್ವ್ ಇಲ್ಲವೆಂದು ಹೇಳಲಾಗದು.

ಸ್ಕ್ಯಾನಿಂಗ್ ಮಾಡಿದವರು ಆಗಲೇ ವಾಲ್ವ್ ಎಂದು ಯಾಕೆ ಬರೆಯಲಿಲ್ಲ ಎಂಬ ಸಿಟ್ಟು ನಿಮಗಿರಬಹುದು. ಇದು ಗಂಡಿಗೆ ಮಾತ್ರ ಬರುವ ತೊಂದರೆ. ಹೆಸರು ಬರೆದರೆ ಲಿಂಗ ಹೇಳಿದಂತಾಗುತ್ತದೆ, 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಅದಕ್ಕೇ ವರದಿಯಲ್ಲಿ ‘ಎರಡೂ ಕಡೆ ಹೈಡ್ರೋನೆಫ್ರೋಸಿಸ್, ಮೂತ್ರಚೀಲ ದಪ್ಪ, ಹುಟ್ಟಿದ ಕೂಡಲೇ ತಪಾಸಣೆ ಅಗತ್ಯ’ ಎಂಬಂಥ ಮಾತಿರುತ್ತದೆ. ಹೈಡ್ರೋನೆಫ್ರೋಸಿಸ್ ಎಂದರೆ ಕಿಡ್ನಿಯಲ್ಲಿ ಮೂತ್ರ ತುಂಬಿ ಆದ ಬಾವು. ಆ ಕೊನೆಯ ಸಾಲನ್ನು ಮನೆಯವರು ಗಂಭೀರವಾಗಿ ತೆಗೆದುಕೊಳ್ಳಬೇಕು.

ಹೊರಡುವ ಮುನ್ನ ಎರಡು ಕೆಲಸ. ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75 ಕಿ.ಮೀ. ಅಲ್ಲಿಯ ಕಿಮ್ಸ್ ಇರಲಿ, ಧಾರವಾಡ ಹಾದಿಯ ಸತ್ತೂರಿನ ಎಸ್‌ಡಿಎಂ ಇರಲಿ, ಬೇರೆ ಆಸ್ಪತ್ರೆ ಇರಲಿ, ಮೊದಲು ಫೋನ್ ಮಾಡಿಸಿ ಕೇಳಿ: ಮಕ್ಕಳ ಶಸ್ತ್ರಚಿಕಿತ್ಸಕರು ಈ ವಾರ ಇದ್ದಾರೆಯೇ, ಎನ್‌ಐಸಿಯುನಲ್ಲಿ (ನವಜಾತ ಕೂಸುಗಳ ತೀವ್ರ ನಿಗಾ ಘಟಕ) ಹಾಸಿಗೆ ಖಾಲಿ ಇದೆಯೇ, ನವಜಾತ ಕೂಸಿನ ಅಳತೆಯ ಸಿಸ್ಟೋಸ್ಕೋಪ್ (ಮೂತ್ರದ ಹಾದಿಯೊಳಗೆ ನೋಡುವ ದುರ್ಬೀನು) ಇದೆಯೇ. ಕೊನೆಯದನ್ನು ಕೇಳಲು ಸಂಕೋಚ ಬೇಡ, ದೊಡ್ಡವರ ಮೂತ್ರರೋಗ ವಿಭಾಗ ಇರುವಲ್ಲೆಲ್ಲ ಅಷ್ಟು ಸಣ್ಣ ಉಪಕರಣ ಇರುವುದಿಲ್ಲ. ಎರಡನೆಯದು, ನಿಮ್ಮ ಹಾವೇರಿ ಡಾಕ್ಟರನ್ನೇ ಕೇಳಿ, ಮೂತ್ರಚೀಲಕ್ಕೆ ನಳಿಕೆ ಹಾಕಿ ಕಳಿಸಲಾಗುತ್ತದೆಯೇ ಎಂದು. ಕೂಸಿನ ಚಿಕಿತ್ಸೆ ಶುರುವಾಗುವುದೇ ಈ ನಳಿಕೆಯಿಂದ. ಎಂಸಿಯು, ಆಪರೇಷನ್ ಎರಡು ದಿನ ತಡವಾದರೂ ನಡೆದೀತು, ನಳಿಕೆ ತಡವಾಗಬಾರದು.

ಈ ನಳಿಕೆ ಬಲೂನ್ ಇರುವ ಫೋಲಿ ಆಗಿರಬಾರದು. ಮೂಗಿನಿಂದ ಹಾಲು ಕೊಡಲು ಬಳಸುವ 5 ಅಥವಾ 6 ಫ್ರೆಂಚ್ ಅಳತೆಯ ಫೀಡಿಂಗ್ ಟ್ಯೂಬೇ ಸಾಕು. ಮೂರು ಫ್ರೆಂಚ್ ಎಂದರೆ ಒಂದು ಮಿ.ಮೀ., ಹಾಗಾಗಿ ಎರಡು ಮಿ.ಮೀ. ಮೀರದ ನಳಿಕೆ. ಬಲೂನ್ ಈ ಚಿಕ್ಕ, ದಪ್ಪ ಗೋಡೆಯ ಚೀಲವನ್ನು ಕೆಣಕಿ ಸೆಳೆತ ತರಿಸುತ್ತದೆ, ಕಿಡ್ನಿಯ ನಾಳಗಳ ಬಾಯಿಯನ್ನೂ ಒತ್ತಬಹುದು. ಇನ್ನೊಂದು ತಪ್ಪು: ಪೊರೆಯ ಮೇಲಿನ ನಾಳ ಹಿಗ್ಗಿ ಚೀಲದಂತೆ ಆಗಿರುತ್ತದೆ, ಮೂತ್ರಚೀಲದ ಬಾಯಿ ಎತ್ತರದಲ್ಲಿ ಬಿಗಿಯಾಗಿರುತ್ತದೆ. ನಳಿಕೆ ಒಳಗೆ ಹೋದಂತೆ ಕಂಡರೂ ಅಲ್ಲೇ ಸುರುಳಿ ಸುತ್ತಿಕೊಂಡು ನಿಲ್ಲುತ್ತದೆ. ಕೆಲವು ಹನಿ ಬರುತ್ತವೆ, ಎಲ್ಲರೂ ನಿಶ್ಚಿಂತರಾಗುತ್ತಾರೆ. ನಳಿಕೆ ಹಾಕಿದ ಮೇಲೂ ಹೊಟ್ಟೆಯ ಕೆಳಭಾಗ ಗಟ್ಟಿ ಉಂಡೆಯಾಗಿಯೇ ಇದ್ದರೆ ಸ್ಕ್ಯಾನಿಂಗ್‌ನಲ್ಲಿ ಅದರ ತುದಿ ಎಲ್ಲಿದೆ ಎಂದು ನೋಡಿಸಬೇಕು. ಆಮೇಲೆ ತೊಡೆಗೆ ಅಥವಾ ಹೊಟ್ಟೆಗೆ ಅಂಟುಪಟ್ಟಿಯಿಂದ ಭದ್ರವಾಗಿ ಕಟ್ಟಿರುತ್ತಾರೆ. ಲಂಗೋಟಿ ಬದಲಿಸುವಾಗ ಅದನ್ನು ಎಳೆಯದಂತೆ ನೋಡಿಕೊಳ್ಳುವುದು ತಾಯಿಯ ಅಥವಾ ಅಜ್ಜಿಯ ಕೆಲಸ. ಮೊಲೆ ಹಾಲು ನಿಲ್ಲಿಸಬೇಕಿಲ್ಲ. ಬಜೆ ತೇಯ್ದು ನೆಕ್ಕಿಸುವುದು, ಗುಟ್ಟಿ, ಸಕ್ಕರೆ ನೀರು ಯಾವುದೂ ಬೇಡ.

ನಳಿಕೆ ಹಾಕಿದ ಮೊದಲ ಒಂದೆರಡು ದಿನ ಆಸ್ಪತ್ರೆಯಲ್ಲೇ ಇರಬೇಕಾದದ್ದಕ್ಕೆ ಕಾರಣವಿದೆ. ತಡೆ ಬಿಟ್ಟ ಕೂಡಲೇ ಮೂತ್ರ ಧಾರಾಳವಾಗಿ ಹರಿಯತೊಡಗುತ್ತದೆ, ಜೊತೆಗೆ ಸೋಡಿಯಂ ಕೂಡ ಹೋಗುತ್ತದೆ. ಕೂಸು ಗಂಟೆಗಳಲ್ಲಿ ಒಣಗಿಬಿಡಬಹುದು. ಸಾಮಾನ್ಯ ಕೂಸಿಗೆ ಗಂಟೆಗೆ, ಪ್ರತಿ ಕೆ.ಜಿ. ತೂಕಕ್ಕೆ 1ರಿಂದ 2 ಮಿ.ಲೀ. ಮೂತ್ರ ಬರುತ್ತದೆ. ನಿಮ್ಮ ಕೂಸಿಗೆ ಲೆಕ್ಕ ಹಾಕಿದರೆ ದಿನಕ್ಕೆ ಕಡಿಮೆಯೆಂದರೂ 67 ಮಿ.ಲೀ. ಇದರ ಎರಡು ಮೂರು ಪಟ್ಟು ಹರಿದರೆ ಅದಕ್ಕೆ ಸರಿಯಾಗಿ ಡ್ರಿಪ್ ಹೊಂದಿಸಬೇಕು. ಅದಕ್ಕೇ ನರ್ಸ್‌ಗಳು ಒಣ ಡೈಪರ್ ತೂಗಿ, ತೊಯ್ದದ್ದನ್ನೂ ತೂಗುತ್ತಾರೆ, ಒಂದು ಗ್ರಾಮ್ ಹೆಚ್ಚಿದರೆ ಒಂದು ಮಿ.ಲೀ. ಡೈಪರ್ ಎಸೆಯುವ ಮೊದಲು ಅವರಿಗೆ ತೋರಿಸಿ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಆಮ್ಲದ ಅಂಶ, ಕ್ರಿಯೇಟಿನಿನ್ ಮತ್ತೆ ಮತ್ತೆ ನೋಡುತ್ತಾರೆ. ಇಷ್ಟು ಸಣ್ಣ ಕೂಸಿಗೆ ಎಷ್ಟು ಸಲ ಚುಚ್ಚುತ್ತಾರೆ ಎಂದು ಜಗಳಕ್ಕೆ ಹೋಗಬೇಡಿ.

ಕ್ರಿಯೇಟಿನಿನ್ ಎಂದರೆ ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ಕಸ, ಅದರ ವಿಷಯದಲ್ಲಿ ಒಂದು ಎಚ್ಚರ. ಲ್ಯಾಬ್ ಚೀಟಿಯ ಪಕ್ಕದಲ್ಲಿ 0.6ರಿಂದ 1.2 ಸಾಮಾನ್ಯ ಎಂದು ಅಚ್ಚಾಗಿರುತ್ತದೆ. ಅದು ದೊಡ್ಡವರ ಅಳತೆ. ತಿಂಗಳ ಕೂಸಿಗೆ 0.3ರಿಂದ 0.5ರ ಆಸುಪಾಸು ಇರಬೇಕು. 0.9 ಇದ್ದರೆ ಚೀಟಿಯಲ್ಲಿ ‘ನಾರ್ಮಲ್’, ಕೂಸಿನ ಕಿಡ್ನಿಯ ಮಟ್ಟಿಗೆ ಅಲ್ಲ. ಹುಟ್ಟಿದ ಮೊದಲ ಎರಡು ದಿನದ ಅಂಕಿಯನ್ನಂತೂ ಬಿಟ್ಟುಬಿಡಿ, ಅದರಲ್ಲಿ ತಾಯಿಯ ರಕ್ತದ ಅಂಶವೇ ಹೆಚ್ಚು. ಮೊದಲ ವರ್ಷದಲ್ಲಿ ಅದು ಎಷ್ಟು ಕೆಳಗೆ ಇಳಿಯುತ್ತದೆ ಎಂಬುದರ ಮೇಲೆ ಮುಂದಿನದನ್ನು ಅಂದಾಜು ಮಾಡುತ್ತಾರೆ. 0.8ಕ್ಕಿಂತ ಕೆಳಗಿಳಿದರೆ ಒಳ್ಳೆಯ ಸೂಚನೆ, 1.2 ದಾಟಿಯೇ ನಿಂತರೆ ಕಿಡ್ನಿ ಮುಂದೆ ಕೈಕೊಡುವ ಸಂಭವ ಹೆಚ್ಚು. ಹಾಗಾಗಿ ಎಲ್ಲ ಚೀಟಿಗಳನ್ನೂ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಇಡಿ.

ಸೋಂಕು ಹತೋಟಿಗೆ ಬಂದು ಲವಣಾಂಶ ಸರಿಯಾದ ಮೇಲೆ ಎಂಸಿಯು. ಹೆಸರು ಕೇಳಿ ಹೆದರುವವರೇ ಹೆಚ್ಚು, ಆದರೆ ಅರ್ಧ ಗಂಟೆಯ ಕೆಲಸ, ಅರಿವಳಿಕೆ ಬೇಕಿಲ್ಲ. ನಳಿಕೆಯ ಮೂಲಕ ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ನಿಧಾನವಾಗಿ ಬಿಡುತ್ತಾರೆ, ಈ ವಯಸ್ಸಿನ ಚೀಲಕ್ಕೆ ಸುಮಾರು 30 ಮಿ.ಲೀ. ಹಿಡಿಯುತ್ತದೆ. ತುಂಬಿದ ಮೇಲೆ ಕೂಸು ತಾನಾಗಿ ಉಚ್ಚೆ ಹೊಯ್ಯುವಾಗ ಓರೆಯಾಗಿ ಮಲಗಿಸಿ ಚಿತ್ರ ತೆಗೆಯಬೇಕು. ಪರೀಕ್ಷೆಯ ಜೀವ ಇರುವುದೇ ಆ ಒಂದು ಚಿತ್ರದಲ್ಲಿ: ಮೇಲೆ ಹಿಗ್ಗಿದ ನಾಳ, ತಟ್ಟನೆ ಒಂದು ಕಡೆ ಕಿರಿದಾಗಿ, ಕೆಳಗೆ ಸಣ್ಣ ಎಳೆ. ಚೀಲ ತುಂಬಿದಾಗಿನ ಚಿತ್ರ ಮಾತ್ರ ತೆಗೆದು, ಕೂಸು ಹೊಯ್ಯುವವರೆಗೆ ಕಾಯದೆ ಬಿಟ್ಟರೆ ವಾಲ್ವ್ ತಪ್ಪಿಹೋಗುತ್ತದೆ. ಬೇರೆ ಕಡೆ ಎಂಸಿಯು ಮಾಡಿಸಿ ‘ಏನಿಲ್ಲ’ ಎಂಬ ವರದಿ ಬಂದರೆ ಕೇಳಬೇಕಾದ ಪ್ರಶ್ನೆ ಒಂದೇ, ‘ಹೊಯ್ಯುವಾಗಿನ ಫಿಲ್ಮ್ ಇದೆಯಾ?’ ಮೂತ್ರ ಕಿಡ್ನಿಯ ಕಡೆಗೆ ಹಿಂದಕ್ಕೆ ನುಗ್ಗುತ್ತಿದೆಯೇ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ, ಅದನ್ನು 1ರಿಂದ 5ರವರೆಗೆ ದರ್ಜೆ ಮಾಡಿ ಬರೆಯುತ್ತಾರೆ.

ಆಪರೇಷನ್ ಎಂದರೆ ಹೊಟ್ಟೆ ಕೊಯ್ಯುವುದಲ್ಲ. ಪೂರ್ತಿ ಅರಿವಳಿಕೆ ಕೊಟ್ಟು, ಮೂತ್ರದ ಹಾದಿಯಿಂದಲೇ ಮೂರು ಮಿ.ಮೀ. ಆಸುಪಾಸಿನ ದುರ್ಬೀನು ಒಯ್ದು, ಪೊರೆಯನ್ನು ಗಡಿಯಾರದ 5, 7 ಮತ್ತು 12ರ ಜಾಗಗಳಲ್ಲಿ ಸೀಳುತ್ತಾರೆ. ಪೊರೆಯನ್ನು ಕಿತ್ತು ತೆಗೆಯುವುದಿಲ್ಲ, ಅದರ ಬಿಗಿ ಬಿಡಿಸಿದರೆ ಸಾಕು. ನಳಿಕೆ ಮತ್ತೆ ಒಂದೆರಡು ದಿನ ಇರುತ್ತದೆ. ಕೂಸು ತೀರಾ ಸಣ್ಣದಾಗಿದ್ದು ದುರ್ಬೀನು ಹಿಡಿಯದಿದ್ದರೆ ಹೊಕ್ಕುಳ ಕೆಳಗೆ ಮೂತ್ರಚೀಲಕ್ಕೆ ತಾತ್ಕಾಲಿಕ ಬಾಯಿ ಮಾಡುತ್ತಾರೆ. ಮೂತ್ರ ನೇರ ಡೈಪರಿಗೆ ಬೀಳುತ್ತದೆ, ನೋಡಲು ಕಸಿವಿಸಿ ಎನಿಸಿದರೂ ಕಿಡ್ನಿಗೆ ಅದು ಕ್ಷೇಮ, ಮುಂದೆ ಮುಚ್ಚುತ್ತಾರೆ. ಬಿಗಿಯಾಗಿ ತೂರಿಸಿದ ಉಪಕರಣದಿಂದ ನಾಳ ಗಾಯಗೊಂಡು ಕಿರಿದಾದರೆ ಅದು ಜೀವನಪೂರ್ತಿ ಕಾಟ. ಸಣ್ಣ ಉಪಕರಣ ಇದೆಯೇ ಎಂದು ಮೊದಲೇ ಕೇಳಿ ಅಂದದ್ದು ಇದಕ್ಕೇ. ಒಂದೇ ಸಲಕ್ಕೆ ಪೂರ್ತಿ ಸೀಳದೆ ಉಳಿಯುವುದೂ ಉಂಟು. ಆದ್ದರಿಂದ ಸುಮಾರು ಮೂರು ತಿಂಗಳ ಹೊತ್ತಿಗೆ ಮತ್ತೆ ದುರ್ಬೀನಿನಿಂದಲೋ ಎಂಸಿಯುನಿಂದಲೋ ನೋಡುತ್ತಾರೆ, ಅದನ್ನು ತಪ್ಪಿಸಬೇಡಿ.

ಪೂರ್ತಿ ಗುಣವಾಗುತ್ತದೆಯೇ ಎಂದು ಕೇಳಿದ್ದೀರಿ. ಇನ್ನು ಮುಂದಿನ ಹಾನಿಯನ್ನು ಆಪರೇಷನ್ ತಡೆಯುತ್ತದೆ, ಗರ್ಭದಲ್ಲೇ ಸರಿಯಾಗಿ ರೂಪುಗೊಳ್ಳದ ಕಿಡ್ನಿಯ ಭಾಗವನ್ನು ಅದು ಮರಳಿಸುವುದಿಲ್ಲ. ಇಂಥ ಮಕ್ಕಳಲ್ಲಿ ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ, ಬಾಲ್ಯದಲ್ಲೋ ಹರೆಯದಲ್ಲೋ ಡಯಾಲಿಸಿಸ್ ಅಥವಾ ಕಿಡ್ನಿ ಕಸಿಯ ಹಂತ ಮುಟ್ಟುತ್ತಾರೆ. ಉಳಿದವರು ಶಾಲೆ, ಆಟ, ಮದುವೆ, ಮಕ್ಕಳು ಎಲ್ಲವನ್ನೂ ಕಾಣುತ್ತಾರೆ. ನಿಮ್ಮ ಮಗ ಯಾವ ಗುಂಪಿಗೆ ಸೇರುತ್ತಾನೆ ಎಂಬುದು ಅರ್ಧ ಹುಟ್ಟುವಾಗಲೇ ತೀರ್ಮಾನವಾಗಿದೆ, ಇನ್ನರ್ಧ ಸೋಂಕು, ರಕ್ತದೊತ್ತಡ ಮತ್ತು ಮೂತ್ರಚೀಲವನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂಬುದರಲ್ಲಿದೆ.

ಸೋಂಕು ತಡೆಯಲು ರಾತ್ರಿಗೊಂದು ಸಲ ಸಣ್ಣ ಪ್ರಮಾಣದ ಆಂಟಿಬಯಾಟಿಕ್ ಬರೆದುಕೊಡುತ್ತಾರೆ. ಮೊದಲ ತಿಂಗಳುಗಳಲ್ಲಿ ಸಾಮಾನ್ಯವಾಗಿ ಸೆಫಾಲೆಕ್ಸಿನ್, ಪ್ರತಿ ಕೆ.ಜಿ.ಗೆ ಸುಮಾರು 10 ಮಿ.ಗ್ರಾಂ. ಕೋಟ್ರೈಮೊಕ್ಸಜೋಲ್ ಎಳೆ ಕೂಸಿಗೆ ಕಾಮಾಲೆಯ ಅಪಾಯ ತರುವುದರಿಂದ ನಂತರದ ದಿನಗಳಿಗೆ. ಔಷಧ ಅಂಗಡಿಯಲ್ಲಿ ‘ಇದೂ ಅದೇ’ ಎಂದು ಬದಲಿಸಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಮುಂದೊಗಲು ತೆಗೆಸಿದರೆ ಸೋಂಕು ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ, ಕೆಲವು ಶಸ್ತ್ರಚಿಕಿತ್ಸಕರು ಅದೇ ಅರಿವಳಿಕೆಯಲ್ಲಿ ಮಾಡಿಬಿಡೋಣ ಎಂದು ಕೇಳಬಹುದು. ಅದು ಧರ್ಮದ ಮಾತಲ್ಲ, ಕಿಡ್ನಿಯ ಮಾತು.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ, ಅಥವಾ ಮೈ ತಣ್ಣಗಾಗಿ ಮೊಲೆ ಬಿಟ್ಟರೆ, ವಾಂತಿಯಾದರೆ, ಮಂಕಾಗಿ ಮಲಗಿದರೆ ಅದೇ ದಿನ ಆಸ್ಪತ್ರೆ, ಬೇಕಾದರೆ 108. ಮೂತ್ರದ ಕಲ್ಚರ್‌ಗೆ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಅಂಟುಚೀಲದಲ್ಲಿ ಹಿಡಿದ ಮಾದರಿ ಆಗುವುದಿಲ್ಲ. ಚರ್ಮದ ಕ್ರಿಮಿಯೇ ಬೆಳೆದು ಇಲ್ಲದ ಸೋಂಕು ತೋರಿಸುತ್ತದೆ. ನಳಿಕೆಯಿಂದ ತೆಗೆಯಬೇಕು, ಅದೂ ಆಂಟಿಬಯಾಟಿಕ್ ಶುರು ಮಾಡುವ ಮೊದಲು. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಸಿರಪ್ ಈ ಮನೆಯಲ್ಲಿ ಇರಲೇಬಾರದು. ಭೇದಿ ಶುರುವಾದರೆ ಬೇರೆ ಮಕ್ಕಳಿಗಿಂತ ಬೇಗ ಒಣಗುತ್ತಾನೆ, ಏಕೆಂದರೆ ನೀರು ಉಳಿಸಿಕೊಳ್ಳುವ ಶಕ್ತಿ ಅವನ ಕಿಡ್ನಿಗಿಲ್ಲ. ದೊಡ್ಡವನಾದ ಮೇಲೆ ‘ಹಾಸಿಗೆ ತೊಯ್ಸ್ತಾನ, ನೀರು ಕಡಿಮೆ ಕೊಡು’ ಅನ್ನುವವರು ಬಂದೇ ಬರುತ್ತಾರೆ. ಕೇಳಬೇಡಿ. ಲಸಿಕೆಗಳು ಎಲ್ಲ ಮಕ್ಕಳಂತೆ ಹೊತ್ತಿಗೆ ಸರಿಯಾಗಿ ನಡೆಯಲಿ.

ಪೊರೆ ಹೋದ ಮೇಲೂ ದಪ್ಪಗಾದ ಮೂತ್ರಚೀಲ ಹಳೆಯ ಚಾಳಿ ಬಿಡುವುದಿಲ್ಲ. ಮೊದಲು ಸೆಳೆತ ಹೆಚ್ಚು, ಹರೆಯದ ಹೊತ್ತಿಗೆ ಸೋತು ಜೋತುಬಿದ್ದು ಅರ್ಧ ಮೂತ್ರ ಒಳಗೇ ಉಳಿಸಿಕೊಳ್ಳುತ್ತದೆ. ಮೂರು ವರ್ಷದ ನಂತರ ಎರಡು ಮೂರು ಗಂಟೆಗೊಮ್ಮೆ ಹೊಯ್ಯಿಸುವುದು, ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಹೊಯ್ಯಿಸುವುದು, ಮಲಬದ್ಧತೆ ಆಗದಂತೆ ನೋಡುವುದು, ಇವು ಮಾತ್ರೆಗಿಂತ ಮೊದಲು. ಸೆಳೆತಕ್ಕೆ ಆಕ್ಸಿಬ್ಯುಟಿನಿನ್ ಕೊಟ್ಟರೆ ಬೆವರು ಕಡಿಮೆಯಾಗುತ್ತದೆ. ಗದಗ, ಹುಬ್ಬಳ್ಳಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಅಂಥ ಮಗುವಿನ ಮೈ ಬಿಸಿಯೇರಬಹುದು, ಮಧ್ಯಾಹ್ನ ಹೊರಗೆ ಬಿಡಬೇಡಿ. ಕೆಲವರಿಗೆ ದಿನಕ್ಕೆ ನಾಲ್ಕೈದು ಸಲ ನಳಿಕೆ ಹಾಕಿ ಖಾಲಿ ಮಾಡುವುದನ್ನು ಕಲಿಸಬೇಕಾಗುತ್ತದೆ. ಪ್ರತಿ ಭೇಟಿಯಲ್ಲಿ ತೂಕ, ಎತ್ತರ, ಮಕ್ಕಳ ಅಳತೆಯ ತೋಳುಪಟ್ಟಿಯಿಂದ ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನ್ ನೋಡಿಸಿ. ಗಡಿಬಿಡಿಯಲ್ಲಿ ರಕ್ತದೊತ್ತಡವನ್ನೇ ಬಿಟ್ಟುಬಿಡುತ್ತಾರೆ, ನೀವೇ ಕೇಳಿ.

ಗದಗಿನ ಹುಡುಗಿಯ ಮಾತು. ಹೆಣ್ಣು ಕೂಸು ಎಂದ ಮೇಲೆ ಈ ವಾಲ್ವ್‌ನ ಪ್ರಶ್ನೆಯೇ ಇಲ್ಲ. ಕಿಡ್ನಿಯ ನಡುಭಾಗ ತುಸು ಹಿಗ್ಗಿರುವುದು ನೂರು ಬಸಿರಲ್ಲಿ ಒಂದೆರಡರಲ್ಲಿ ಕಾಣುತ್ತದೆ, ಬಹುತೇಕ ತಾನಾಗಿ ಇಳಿಯುತ್ತದೆ. ಬಸಿರಿಗೆ ಏಳು ತಿಂಗಳಾದ ನಂತರ ಆ ಹಿಗ್ಗು 7 ಮಿ.ಮೀ.ಗಿಂತ ಕಡಿಮೆ ಇದ್ದರೆ ಸಹಜ, 10ರವರೆಗೆ ಸೌಮ್ಯ. ಅಂಥವರಿಗೆ ಹುಟ್ಟಿ 48 ಗಂಟೆ ಕಳೆದ ಮೇಲೆ ಸ್ಕ್ಯಾನಿಂಗ್ ಮಾಡಿಸಿದರೆ ಸಾಕು, ಅದಕ್ಕೂ ಮುಂಚೆ ಕೂಸಿನ ಮೈಯಲ್ಲಿ ನೀರಿನಂಶ ಕಡಿಮೆ ಇದ್ದು ಬಾವು ಮುಚ್ಚಿಹೋಗುತ್ತದೆ. ಒಂದೇ ಕಡೆ ಹೆಚ್ಚು ಬಾವು ಇದ್ದರೆ ಕಿಡ್ನಿ ಮತ್ತು ನಾಳ ಸೇರುವಲ್ಲಿ ಅಡಚಣೆ ಇದೆಯೇ ಎಂದು ಆರು ವಾರದ ಹೊತ್ತಿಗೆ ಐಸೋಟೋಪ್ ಸ್ಕ್ಯಾನ್ ಮಾಡುತ್ತಾರೆ, ಅಲ್ಲಿ ಕಾದು ನೋಡುವುದು ತಪ್ಪಲ್ಲ. ಎರಡೂ ಕಡೆ ಬಾವು, ಒಂದೇ ಕಿಡ್ನಿ ಇದ್ದು ಅದಕ್ಕೇ ಬಾವು, ಗರ್ಭಜಲ ಕಡಿಮೆ, ಮೂತ್ರಚೀಲ ದಪ್ಪ, ಇವುಗಳಲ್ಲಿ ಒಂದಿದ್ದರೂ ಕಾಯುವ ಲೆಕ್ಕ ನಡೆಯುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಬೇರೆಯೇ ಒಂದು ಗುಟ್ಟಿದೆ: ಸರಿಯಾಗಿ ಉಚ್ಚೆ ಹೊಯ್ದರೂ ನಡುನಡುವೆ ಚಡ್ಡಿ ಸದಾ ಒದ್ದೆ ಇರುವ ಹುಡುಗಿಗೆ ಕಿಡ್ನಿಯಿಂದ ಇಳಿಯುವ ನಾಳ ತಪ್ಪು ಜಾಗದಲ್ಲಿ ತೆರೆದಿರಬಹುದು, ಬೈದು ಸರಿಹೋಗುವಂಥದ್ದಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ: ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಕಾರ್ಡು, ತಂದೆ ತಾಯಿಯ ಆಧಾರ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಹಾವೇರಿಯ ರೆಫರಲ್, ಬಸಿರಿನ ಎಲ್ಲ ಸ್ಕ್ಯಾನಿಂಗ್ ವರದಿ ಜೊತೆಗಿರಲಿ. ಆಸ್ಪತ್ರೆ ಸೇರಿದ ದಿನವೇ ಅಲ್ಲಿಯ ಆರೋಗ್ಯಮಿತ್ರರನ್ನು (ಈ ಯೋಜನೆಯ ಸಹಾಯಕರು) ಕಾಣಿ, ಬಿಲ್ ಕಟ್ಟಿದ ಮೇಲೆ ಹೋದರೆ ಪ್ರಯೋಜನವಿಲ್ಲ.

ಮುಂದಿನ ಮಗು. ವಾಲ್ವ್ ಬಹುಮಟ್ಟಿಗೆ ಒಂಟಿಯಾಗಿ ಬರುವ ದೋಷ, ಅಣ್ಣನಿಗೆ ಬಂತೆಂದು ತಮ್ಮನಿಗೂ ಬರುವುದು ಅಪರೂಪ. ಮೂತ್ರ ಹಿಂದಕ್ಕೆ ನುಗ್ಗುವ ರಿಫ್ಲಕ್ಸ್ ಹಾಗಲ್ಲ, ಅದು ಮನೆತನದಲ್ಲಿ ಹರಿಯುತ್ತದೆ. ಇದು ಗ್ರಹಣ ನೋಡಿದ್ದರಿಂದಲೂ ಬಂದಿಲ್ಲ, ನಿಮ್ಮ ಹೆಂಡತಿ ತಿಂದದ್ದರಿಂದಲೂ ಬಂದಿಲ್ಲ, ಅವರ ಮೇಲೆ ಯಾರೂ ಮಾತು ಹೊರಿಸಬಾರದು. ಮುಂದಿನ ಬಸಿರಿಗೆ ಮುನ್ನ ಸಕ್ಕರೆ ಕಾಯಿಲೆ ಇದೆಯೇ ನೋಡಿಸಿ. ಬಿಪಿ ಮಾತ್ರೆ ನಡೆದಿದ್ದರೆ ಅದು ಎನಾಲಾಪ್ರಿಲ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಗುಂಪಿನದಾಗಿರಬಾರದು, ಅವು ಭ್ರೂಣದ ಕಿಡ್ನಿಯನ್ನೇ ಕೆಡಿಸುತ್ತವೆ. 18ರಿಂದ 20 ವಾರದೊಳಗೆ ಒಂದು ಸ್ಕ್ಯಾನಿಂಗ್, 30ರಿಂದ 32ರ ನಡುವೆ ಇನ್ನೊಂದು ಮಾಡಿಸಿ. ಎರಡು ಸಲವೂ ಮೊದಲ ಮಗನ ಫೈಲು ತೋರಿಸಿ, ಕಿಡ್ನಿ, ಮೂತ್ರಚೀಲ, ಗರ್ಭಜಲದ ಅಳತೆಯನ್ನು ವರದಿಯಲ್ಲಿ ಬರೆದುಕೊಡಲು ಹೇಳಿ. ಅಳತೆ ಹೆಚ್ಚಿದ್ದರೆ ಹೆರಿಗೆಯನ್ನೇ ಹುಬ್ಬಳ್ಳಿ–ಧಾರವಾಡದಲ್ಲಿ ಇಟ್ಟುಕೊಳ್ಳಿ.